ಗಾಡಿ ಕೀ ಕೈಗೆ ಕೊಡುವ ಮುನ್ನ

ಹದಿನೆಂಟು ತುಂಬಿ ಇನ್ನೂ ತಿಂಗಳಾಗದ ಹುಡುಗ. ಕಲಿಕಾ ಲೈಸೆನ್ಸಿನ ಪರೀಕ್ಷೆಯಲ್ಲಿ ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಸರಿಯುತ್ತರ ಒತ್ತಿ ಬಂದಿದ್ದಾನೆ. ಸ್ಕೂಟರಿನ ಮುಂದೊಂದು ಹಿಂದೊಂದು ಕೆಂಪು ‘ಎಲ್’. ಹಿಂದಿನ ಸೀಟಿನಲ್ಲಿ ಅಪ್ಪ. ರಾಮನಗರದಿಂದ ಬಿಡದಿ ಕಡೆಗೆ ಸಲೀಸಾಗಿ ಸಾಗುತ್ತಿರುವಾಗ ಬಲಗಡೆ ಹೊಸ ಹೆದ್ದಾರಿಗೆ ಸೇರುವ ದಾರಿ ಕಾಣುತ್ತದೆ. ಅದರ ಬಾಯಲ್ಲೇ ಒಂದು ಫಲಕ. ಕೆಂಪು ವೃತ್ತ, ಒಳಗೆ ಬೈಕಿನ ಚಿತ್ರ. ಹುಡುಗ ಇಂಡಿಕೇಟರ್ ಹಾಕಿ ಅತ್ತ ತಿರುಗಿಸುತ್ತಾನೆ.

“ನಿಲ್ಸೋ, ನಿಲ್ಸೋ! ಎಲ್ಲಿಗೆ ಹೋಗ್ತಿದೀಯ?”

“ಬೈಕ್ ಹೋಗೋ ದಾರಿ ಅಂತ ಬೋರ್ಡ್ ಹಾಕಿದಾರಲ್ಲಪ್ಪ!”

“ಅದು ಬೈಕ್ ಹೋಗಬಾರದು ಅಂತ ಕಣೋ.”

“ಪರೀಕ್ಷೇಲಿ ಆ ಬೋರ್ಡು ಬಂದಿರಲಿಲ್ಲ...”

ನಗು ತರಿಸುವ ಮಾತು, ನಿಜ. ಆದರೆ ಹಿಂದಿನ ಸೀಟಿನಲ್ಲಿ ಅಪ್ಪ ಇಲ್ಲದ ದಿನ ಇದು ನಗುವ ವಿಷಯವಾಗಿ ಉಳಿಯುವುದಿಲ್ಲ. ಇದು ಯಾವುದೋ ಒಂದು ಮನೆಯ ಕಥೆಯೂ ಅಲ್ಲ, ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ರಸ್ತೆ ಸಂಕೇತಗಳನ್ನು ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಪಾಸಾದ ಮರುದಿನ ಮರೆತುಬಿಡುವ ಅಭ್ಯಾಸ ಊರೂರಲ್ಲೂ ಇದೆ. ಗಣಿತದ ಸೂತ್ರ ಮರೆತರೆ ನಾಲ್ಕು ಅಂಕ ಹೋಗಬಹುದು, ಮತ್ತೆ ಬರೆಯಬಹುದು. ರಸ್ತೆಯ ಪರೀಕ್ಷೆಗೆ ಸಪ್ಲಿಮೆಂಟರಿ ಇಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ. ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹದಿನೆಂಟು ತುಂಬದವರೇ ಒಂಬತ್ತೂವರೆ ಸಾವಿರಕ್ಕಿಂತ ಹೆಚ್ಚು. ಮಗನಿಗೋ ಮಗಳಿಗೋ ಗಾಡಿ ಕೊಡಿಸುವ ಯೋಚನೆಯಲ್ಲಿರುವ ತಂದೆ ತಾಯಿ ಶೋರೂಮಿನ ಬೆಲೆಪಟ್ಟಿಯ ಜೊತೆಗೆ ಈ ಅಂಕಿಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನಾಲ್ಕು ಊರು, ನಾಲ್ಕು ಬಗೆಯ ರಸ್ತೆ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು. ಹೆಸರು ಯಾವುದಾದರೂ ಇರಲಿ, ಹೊಸದಾಗಿ ಗಾಡಿ ಕಲಿಯುವವರಿಗೆ ಇಷ್ಟು ಬಗೆಯ ರಸ್ತೆಗಳನ್ನು ಒಂದೇ ಕಡೆ ಒಡ್ಡುವ ಜಿಲ್ಲೆಗಳು ಕಡಿಮೆ.

ರಾಮನಗರದಲ್ಲಿ ಬೆಳಿಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಯ ದಾರಿ ಹಿಡಿದರೆ ಗೂಡಿನ ಚೀಲ ಹೇರಿಕೊಂಡ ಆಟೋ, ಗೂಡ್ಸ್ ಗಾಡಿ, ಬೈಕುಗಳ ಸಾಲು. ಚನ್ನಪಟ್ಟಣದಲ್ಲಿ ಹಳೆಯ ಮೈಸೂರು ರಸ್ತೆ ಊರಿನ ನಡುವೆಯೇ ಹಾದುಹೋಗುತ್ತದೆ. ಬೊಂಬೆ ಅಂಗಡಿ ಕಂಡು ಥಟ್ಟನೆ ಬ್ರೇಕ್ ಹಾಕುವ ಕಾರು, ಬಸ್ಸಿಳಿದು ಎತ್ತಲೂ ನೋಡದೆ ರಸ್ತೆ ದಾಟುವ ಮಕ್ಕಳು ಎರಡೂ ಅಲ್ಲುಂಟು. ಕನಕಪುರವನ್ನು ಹಾಯುವುದು ಹಿಂದೆ 209 ಎಂಬ ಸಂಖ್ಯೆ ಹೊತ್ತಿದ್ದ, ಈಗ 948 ಆಗಿರುವ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ಕಲ್ಲುಬಂಡೆ ಹೊತ್ತ ಲಾರಿಗಳ ಹಿಂದೆ ಸಾಗುವ ತಾಳ್ಮೆ ಬೇಕು. ಅಲ್ಲಿಂದ ಸಂಗಮ, ಮೇಕೆದಾಟಿನ ಕಡೆ ತಿರುಗಿದರೆ ಕಾಡು, ಕಾಡಿನಲ್ಲಿ ಆನೆ. ಮಾಗಡಿಯ ಕಡೆಗೆ ಏರು, ಇಳಿಜಾರು, ತಿರುವು. ಸಾವನದುರ್ಗದ ಬೆಟ್ಟ ನೋಡುತ್ತಾ ಗಾಡಿ ಓಡಿಸುವವರಿಗೆ ಮುಂದಿನ ತಿರುವು ಕಾಣುವುದಿಲ್ಲ.

ಇಷ್ಟೆಲ್ಲ ರಸ್ತೆಗಳಿಗೂ ಭಾಷೆ ಒಂದೇ. ಆ ಭಾಷೆಗೆ ಅಕ್ಷರ ಬೇಡ. ಓದು ಬಾರದ ಚಾಲಕನಿಗೂ, ಕನ್ನಡ ತಿಳಿಯದ ಹೊರರಾಜ್ಯದ ಲಾರಿಯವನಿಗೂ ಒಂದೇ ನೋಟಕ್ಕೆ ತಿಳಿಯಲೆಂದೇ ಅದನ್ನು ಚಿತ್ರದಲ್ಲಿ ಬರೆದದ್ದು. ಈ ಯೋಚನೆ ಮೋಟಾರು ಗಾಡಿಯಷ್ಟೇ ಹಳೆಯದು ಎನ್ನಬಹುದು. 1909ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ರಾಷ್ಟ್ರಗಳು ಒಪ್ಪಿಕೊಂಡ ಚಿತ್ರಗಳು ನಾಲ್ಕೇ: ಉಬ್ಬು, ತಿರುವು, ಕೂಡುರಸ್ತೆ, ರೈಲ್ವೆ ಗೇಟು. ನೂರು ವರ್ಷ ದಾಟಿದ ಮೇಲೂ ಮಾಗಡಿಯ ದಾರಿಯಲ್ಲಿ ಹೊಸ ಚಾಲಕ ಎದುರಿಸುವ ಅಪಾಯಗಳಲ್ಲಿ ಮೊದಲ ಮೂರು ಅವೇ ಆಗಿವೆ.

ಆಕಾರವೇ ಅಕ್ಷರ

1988ರ ಮೋಟಾರು ವಾಹನ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸಂಚಾರ ಸಂಕೇತಗಳಿವೆ. ಅವುಗಳನ್ನು ಒಂದೊಂದಾಗಿ ಉರುಹೊಡೆಯುವವರು ಬೇಗ ಸುಸ್ತಾಗುತ್ತಾರೆ. ಆದರೆ ಅವೆಲ್ಲವೂ ಮೂರೇ ಗುಂಪಿಗೆ ಸೇರಿದವು. ಗುಂಪನ್ನು ಗುರುತಿಸಲು ಒಳಗಿನ ಚಿತ್ರವನ್ನು ನೋಡುವ ಅಗತ್ಯವೂ ಇಲ್ಲ, ಹೊರಗಿನ ಆಕಾರ ಸಾಕು.

ವೃತ್ತ ಎಂದರೆ ಆಜ್ಞೆ. ಮೀರಿದರೆ ಅಪರಾಧ. ಇಂತಿಷ್ಟೇ ವೇಗ, ಪ್ರವೇಶವಿಲ್ಲ, ಹಿಂದಿಕ್ಕಬಾರದು, ಯು ತಿರುವು ಇಲ್ಲ ಎಂಬುವೆಲ್ಲ ವೃತ್ತದೊಳಗೆ ಬರುತ್ತವೆ.

ತ್ರಿಕೋನ ಎಂದರೆ ಎಚ್ಚರಿಕೆ. ‘ಮುಂದೆ ಹೀಗಿದೆ, ಸಿದ್ಧನಾಗು’ ಎಂದು ಹಿರಿಯರು ಹೇಳಿದ ಹಾಗೆ. ತಿರುವು, ಶಾಲೆ, ಕಿರಿದಾದ ಸೇತುವೆ, ರಸ್ತೆ ಉಬ್ಬು, ದನಕರು, ಸಡಿಲ ಜಲ್ಲಿ ಇವೆಲ್ಲ ಈ ಗುಂಪಿನವು.

ಆಯತ ಎಂದರೆ ಮಾಹಿತಿ. ಆಸ್ಪತ್ರೆ, ಪೆಟ್ರೋಲ್ ಬಂಕ್, ಊಟದ ಜಾಗ, ಊರಿನ ಹೆಸರು, ದೂರ.

ಇನ್ನು ಬಣ್ಣ. ವೃತ್ತದಲ್ಲಿ ಕೆಂಪು ಅಂಚಿದ್ದರೆ ‘ಬೇಡ’ ಅಥವಾ ‘ಇಷ್ಟಕ್ಕಿಂತ ಹೆಚ್ಚು ಬೇಡ’ ಎಂದು ತಿಳಿಯಬೇಕು. ನೀಲಿ ವೃತ್ತದಲ್ಲಿ ಬಿಳಿ ಚಿತ್ರವಿದ್ದರೆ ‘ಹೀಗೇ ಮಾಡು’ ಎಂದು ಅರ್ಥ. ಇದಕ್ಕೆ ಹಾರನ್ ಒಳ್ಳೆಯ ಉದಾಹರಣೆ. ಕೆಂಪು ವೃತ್ತದಲ್ಲಿ ಹಾರನ್ ಚಿತ್ರ ಕಂಡರೆ ಬಾರಿಸಕೂಡದು. ಅದೇ ಹಾರನ್ ನೀಲಿ ವೃತ್ತದಲ್ಲಿದ್ದರೆ ಬಾರಿಸಲೇಬೇಕು. ಚಿತ್ರ ಒಂದೇ, ಬಣ್ಣ ಬದಲಾದರೆ ಅರ್ಥ ತಲೆಕೆಳಗು. ಕಥೆಯ ಆರಂಭದ ಹುಡುಗ ಎಡವಿದ್ದು ಇಲ್ಲೇ. ಅವನು ಬೈಕನ್ನು ನೋಡಿದ, ಅದರ ಸುತ್ತಲಿನ ಕೆಂಪನ್ನು ನೋಡಲಿಲ್ಲ.

ಈ ಮೂರು ಗುಂಪಿನ ಲೆಕ್ಕವನ್ನು ಬೇಕೆಂದೇ ಮುರಿದ ಎರಡು ಫಲಕಗಳಿವೆ. ‘ನಿಲ್ಲಿ’ ಎಂಬುದಕ್ಕೆ ಎಂಟು ಮೂಲೆಯ ಕೆಂಪು ಫಲಕ. ‘ದಾರಿ ಬಿಡಿ’ ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಬೇರಾವ ಫಲಕಕ್ಕೂ ಈ ಆಕಾರಗಳಿಲ್ಲ. ಕೆಸರು ಮೆತ್ತಿ ಅಕ್ಷರ ಅಳಿಸಿದ್ದರೂ, ಮರದ ಕೊಂಬೆ ಅರ್ಧ ಮುಚ್ಚಿದ್ದರೂ, ಎದುರಿನಿಂದ ಬರುವವನಿಗೆ ಫಲಕದ ಬೆನ್ನು ಮಾತ್ರ ಕಂಡರೂ ಆಕಾರದಿಂದಲೇ ಅರ್ಥವಾಗಲಿ ಎಂಬುದು ಇದರ ಉಪಯೋಗ. ‘ನಿಲ್ಲಿ’ ಎಂದರೆ ನಿಧಾನ ಮಾಡುವುದಲ್ಲ. ಚಕ್ರ ಪೂರ್ತಿ ನಿಲ್ಲಬೇಕು, ನೋಡಬೇಕು, ಆಮೇಲೆ ಹೊರಡಬೇಕು. ‘ದಾರಿ ಬಿಡಿ’ ಎಂಬಲ್ಲಿ ಬರುವವರಿಲ್ಲದಿದ್ದರೆ ನಿಲ್ಲದೆ ಸಾಗಬಹುದು.

ಪರೀಕ್ಷೆಯಲ್ಲೂ ರಸ್ತೆಯಲ್ಲೂ ಮಕ್ಕಳನ್ನು ಗೊಂದಲಕ್ಕೆ ಕೆಡಹುವ ಇನ್ನೊಂದು ಜೋಡಿ ಉಂಟು. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಓರೆಯಾಗಿ ಒಂದೇ ಕೆಂಪು ಗೆರೆ ಇದ್ದರೆ ಅಲ್ಲಿ ಗಾಡಿ ನಿಲುಗಡೆ ಮಾಡಿ ಹೋಗುವಂತಿಲ್ಲ; ಜನರನ್ನು ಇಳಿಸಿ ಕೂಡಲೇ ಹೊರಡಬಹುದು. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ಕ್ಷಣಹೊತ್ತೂ ನಿಲ್ಲುವಂತಿಲ್ಲ. ಹಾಗೆಯೇ ಕೆಂಪು ವೃತ್ತದಲ್ಲಿ 40 ಎಂದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದರ್ಥ, 40ರಲ್ಲೇ ಹೋಗಬೇಕೆಂದಲ್ಲ. ಮಳೆಯಲ್ಲಿ, ಮಬ್ಬಿನಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಇಪ್ಪತ್ತೂ ಹೆಚ್ಚೇ.

ಫಲಕಗಳಷ್ಟೇ ಅಲ್ಲ, ನೆಲವೂ ಮಾತಾಡುತ್ತದೆ. ರಸ್ತೆಯ ನಡುವಿನ ಗೆರೆ ತುಂಡುತುಂಡಾಗಿದ್ದರೆ, ಎದುರಿಗೆ ಯಾರೂ ಇಲ್ಲದಾಗ ದಾಟಿ ಹಿಂದಿಕ್ಕಬಹುದು. ಅಖಂಡವಾಗಿದ್ದರೆ ಅದನ್ನು ಗೋಡೆ ಎಂದೇ ತಿಳಿಯಬೇಕು. ಎರಡೂ ಅಕ್ಕಪಕ್ಕ ಇದ್ದಲ್ಲಿ ನಿಮ್ಮ ಕಡೆಯ ಗೆರೆ ಯಾವುದೋ ಅದು ನಿಮಗೆ ಅನ್ವಯ. ಮೈಲಿಗಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಬೆಂಗಳೂರು-ಮೈಸೂರು ರಸ್ತೆ ಹಿಂದೆ ರಾಜ್ಯ ಹೆದ್ದಾರಿ 17 ಆಗಿತ್ತು, ಆಮೇಲೆ ರಾಷ್ಟ್ರೀಯ ಹೆದ್ದಾರಿ 275 ಆಯಿತು. ಅಜ್ಜ ಕಂಡ ಕಲ್ಲಿಗೂ ಮೊಮ್ಮಗ ಕಾಣುವ ಕಲ್ಲಿಗೂ ಬಣ್ಣ ಬೇರೆ.

‘ಬಿಡು’ ಎಂದರೆ ಏನು ಬಿಡಬೇಕು?

ಸಂಕೇತಗಳ ಕಥೆ ಹೀಗಾದರೆ, ಗಾಡಿ ಕಲಿಸುವವರು ಬಳಸುವ ಮಾತಿನ ಕಥೆ ಇನ್ನೊಂದು. ಕ್ಲಚ್, ಗೇರ್, ಬ್ರೇಕ್, ಸ್ಟೇರಿಂಗ್, ಸ್ಟೆಪ್ನಿ ಇವೆಲ್ಲ ಇಂಗ್ಲಿಷಿನಿಂದ ಬಂದು ಕನ್ನಡದವೇ ಆಗಿಹೋದ ಪದಗಳು. ಇವುಗಳಿಂದ ತೊಂದರೆಯಿಲ್ಲ. ತೊಂದರೆ ಇರುವುದು ನಮ್ಮವೇ ಆದ ಸಣ್ಣ ಸಣ್ಣ ಕ್ರಿಯಾಪದಗಳಲ್ಲಿ.

‘ಗಾಡಿ ಬಿಡೋಕೆ ಬರುತ್ತಾ?’ ಎಂದರೆ ಓಡಿಸಲು ಬರುತ್ತದೆಯೇ ಎಂದು. ‘ಕ್ಲಚ್ ಬಿಡು’ ಎಂದರೆ ಕಾಲನ್ನು ಮೆಲ್ಲಗೆ ಮೇಲೆತ್ತು ಎಂದು. ‘ಅವನಿಗೆ ಬಿಡು’ ಎಂದರೆ ಎದುರಿನವನಿಗೆ ದಾರಿ ಕೊಡು ಎಂದು. ಗಾಬರಿಯಲ್ಲಿರುವ ಕಲಿಕಾರ್ಥಿಗೆ ಪಕ್ಕದಲ್ಲಿ ಕುಳಿತವರು ‘ಬಿಡು, ಬಿಡು!’ ಎಂದು ಕೂಗಿದರೆ ಅವನು ಏನನ್ನು ಬಿಡಬೇಕು? ‘ಹೊಡಿ’ ಎಂಬುದೂ ಅಷ್ಟೆ. ಹಾರನ್ ಹೊಡಿ, ಬ್ರೇಕ್ ಹೊಡಿ, ಕಟ್ ಹೊಡಿ. ಬರೀ ‘ಹೊಡಿ’ ಎಂದರೆ ಮೂರರಲ್ಲಿ ಯಾವುದು?

ಎಲ್ಲಕ್ಕಿಂತ ಮೋಸದ್ದು ‘ರೈಟ್’. ಬಸ್ಸಿನ ಕಂಡಕ್ಟರು ‘ರೈಟ್, ರೈಟ್’ ಎಂದರೆ ಹೊರಡು ಎಂದು. ಮನೆಯಲ್ಲಿ ‘ರೈಟ್’ ಎಂದರೆ ಸರಿ ಎಂದು. ರಸ್ತೆಯಲ್ಲಿ ‘ರೈಟ್’ ಎಂದರೆ ಬಲಕ್ಕೆ ಎಂದು. ನೇರ ಹೋಗಬೇಕಾದ ಮಗಳಿಗೆ ಮೆಚ್ಚುಗೆಯಿಂದ ‘ರೈಟ್’ ಎಂದ ಅಪ್ಪ, ಅವಳು ಬಲಕ್ಕೆ ತಿರುಗಿಸಿದರೆ ಬೈಯುವುದು ನ್ಯಾಯವಲ್ಲ. ಕಲಿಸುವವರೂ ಕಲಿಯುವವರೂ ಹೊರಡುವ ಮುನ್ನವೇ ಐದು ನಿಮಿಷ ಕುಳಿತು ಮಾತಿನ ಒಪ್ಪಂದ ಮಾಡಿಕೊಳ್ಳಬೇಕು. ದಿಕ್ಕಿಗೆ ‘ಎಡ’, ‘ಬಲ’ ಮಾತ್ರ. ಮೆಚ್ಚುಗೆಗೆ ‘ಸರಿ’. ನಿಲ್ಲಲು ‘ನಿಲ್ಲಿಸು’, ಬೇರೇನೂ ಅಲ್ಲ. ಯಾವ ಕ್ರಿಯೆ ಹೇಳಿದರೂ ವಸ್ತುವಿನ ಹೆಸರು ಮೊದಲು: ‘ಕ್ಲಚ್, ಮೆಲ್ಲಗೆ ಬಿಡು’, ‘ಬ್ರೇಕ್, ಮೆತ್ತಗೆ ಒತ್ತು’.

ಗಾಡಿಯ ದೀಪಗಳಿಗೂ ಮಾತಿದೆ. ಇಂಡಿಕೇಟರ್ ಎಂದರೆ ‘ನಾನು ತಿರುಗಬೇಕೆಂದಿದ್ದೇನೆ’ ಎಂಬ ವಿನಂತಿ. ಅದನ್ನು ಹಾಕಿದ ಮಾತ್ರಕ್ಕೆ ತಿರುಗುವ ಹಕ್ಕು ಸಿಕ್ಕಿತು ಎಂದುಕೊಳ್ಳುವವರು ಬಹಳ. ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಆಮೇಲೆ ಕನ್ನಡಿಗೆ ಕಾಣದ ಜಾಗವನ್ನು ಕತ್ತು ತಿರುಗಿಸಿ ಒಂದು ನೋಟ, ಕೊನೆಗೆ ತಿರುವು. ಇದೇ ಕ್ರಮ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವುದು ಗಾಡಿ ಕೆಟ್ಟು ನಿಂತಾಗ. ನೇರ ಹೋಗುತ್ತೇನೆ ಎನ್ನಲು ಅದನ್ನು ಹಾಕಿದರೆ ಪಕ್ಕದವನಿಗೆ ಒಂದೇ ಕಡೆಯ ದೀಪ ಕಂಡು, ತಿರುಗುತ್ತಾನೆಂದು ತಪ್ಪು ತಿಳಿಯುತ್ತಾನೆ. ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿದರೆ ಕೆಲವು ಚಾಲಕರ ಲೆಕ್ಕದಲ್ಲಿ ‘ನೀನು ಮುಂದೆ ಹೋಗು’ ಎಂದು, ನಿಯಮದ ಲೆಕ್ಕದಲ್ಲಿ ‘ನಾನು ಬಲಕ್ಕೆ ಬರುತ್ತೇನೆ’ ಎಂದು. ಎರಡಕ್ಕೂ ದೀಪ ಒಂದೇ. ಹೊಸ ಚಾಲಕರು ನಿಯಮದ ಅರ್ಥವನ್ನೇ ನಂಬಿ ಹಿಂದೆ ಉಳಿಯುವುದು ಕ್ಷೇಮ.

ಮಾಗಡಿ, ಕನಕಪುರದ ಇಳಿಜಾರುಗಳಲ್ಲಿ ಇನ್ನೊಂದು ಪದದ ಅರ್ಥ ಚೆನ್ನಾಗಿ ಗೊತ್ತಿರಬೇಕು. ಅದು ‘ನ್ಯೂಟ್ರಲ್’. ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ಗೇರ್ ತೆಗೆದು ಗಾಡಿಯನ್ನು ಜಾರಲು ಬಿಡುವ ಅಭ್ಯಾಸ ಹಲವರಿಗಿದೆ. ಗೇರಿನಲ್ಲಿರುವಾಗ ಎಂಜಿನ್ ತಾನೇ ಚಕ್ರವನ್ನು ಹಿಡಿದಿಟ್ಟುಕೊಂಡಿರುತ್ತದೆ. ನ್ಯೂಟ್ರಲ್ಲಿಗೆ ಹಾಕಿದೊಡನೆ ಆ ಹಿಡಿತ ತಪ್ಪುತ್ತದೆ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಉಳಿಯುವ ಹನಿ ಪೆಟ್ರೋಲಿಗೆ ಇದು ತೀರ ದುಬಾರಿ ಬೆಲೆ.

ಹೆದ್ದಾರಿಯ ಕಟ್ಟಳೆ ಬೇರೆ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಈ ಜಿಲ್ಲೆಯ ಹೊಸ ಚಾಲಕರಿಗೆ ಹೊಸ ಪಾಠಪುಸ್ತಕವನ್ನೇ ತಂದಿತು. ನಡುವೆ ಆರು ಪಥ, ಎರಡೂ ಬದಿಗೆ ಸರ್ವೀಸ್ ರಸ್ತೆ. ಬಿಡದಿಗೆ ಬೈಪಾಸ್, ರಾಮನಗರ-ಚನ್ನಪಟ್ಟಣಗಳಿಗೆ ಕೂಡಿಯೇ ಒಂದು ಬೈಪಾಸ್. ಮೊದಲ ತಿಂಗಳುಗಳಲ್ಲೇ ಸಾಲುಸಾಲು ಸಾವುಗಳಾದವು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರ್, ಎತ್ತಿನಗಾಡಿಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಲ್ಲಿಸಲಾಯಿತು. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಎಂದು ಪೊಲೀಸರು ತಪಾಸಣೆ ಬಿಗಿ ಮಾಡಿದರು, ಕ್ಯಾಮೆರಾಗಳೂ ಬಂದವು.

ನಮ್ಮ ಹಳ್ಳಿಯ ಹುಡುಗರಿಗೆ ಇದು ಅನ್ಯಾಯವೆಂದು ತೋರಬಹುದು. ಹೊಲದ ಪಕ್ಕದಲ್ಲೇ ಹಾದುಹೋಗುವ ರಸ್ತೆಗೆ ನಮಗೇ ಪ್ರವೇಶವಿಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಲೆಕ್ಕ ಹಾಕಿ ನೋಡಬೇಕು. 100ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. 50ರಲ್ಲಿ ಹೋಗುವ ಸ್ಕೂಟರ್ 14 ಮೀಟರ್. ಚಾಲಕನ ಕಣ್ಣು ಎರಡು ಸೆಕೆಂಡು ಮೊಬೈಲಿನ ಮೇಲಿದ್ದರೆ ಕಾರು ಕಣ್ಣುಮುಚ್ಚಿ 56 ಮೀಟರ್ ಓಡಿರುತ್ತದೆ, ಇಬ್ಬರ ನಡುವಿನ ಅಂತರದಲ್ಲಿ 28 ಮೀಟರ್ ಕರಗಿರುತ್ತದೆ. ಕಾರಿನಲ್ಲಿದ್ದವರಿಗೆ ಸುತ್ತಲೂ ತಗಡಿದೆ. ಸ್ಕೂಟರಿನವರಿಗೆ ಹೆಲ್ಮೆಟ್ ಒಂದೇ.

ಹೆದ್ದಾರಿಯಲ್ಲಿ ಮೊದಲ ಬಾರಿ ಕಾರು ಓಡಿಸುವವರು ನೆನಪಿಡಬೇಕಾದ ಇನ್ನೊಂದು ಪದ ‘ಎಕ್ಸಿಟ್’, ಅಂದರೆ ಹೊರದಾರಿ. ಚನ್ನಪಟ್ಟಣಕ್ಕೆ ಇಳಿಯಬೇಕಾದವರು ಮಾತಿನ ಭರದಲ್ಲಿ ಹೊರದಾರಿ ದಾಟಿಬಿಟ್ಟರೆ, ಹಳೆಯ ರಸ್ತೆಯ ಅಭ್ಯಾಸದಂತೆ ರಿವರ್ಸ್ ತೆಗೆದುಕೊಳ್ಳುವ ಮನಸ್ಸಾಗುತ್ತದೆ. ಹಿಂದೆ ಬರುತ್ತಿರುವವರು ಸೆಕೆಂಡಿಗೆ 28 ಮೀಟರಿನಂತೆ ಬರುತ್ತಿದ್ದಾರೆ. ತಪ್ಪಿದ ಹೊರದಾರಿ ತಪ್ಪಿದ್ದೇ. ಮುಂದಿನದರಲ್ಲಿ ಇಳಿದು ಸುತ್ತಿ ಬರಬೇಕು. ಹದಿನೈದು ನಿಮಿಷ ತಡವಾಗಬಹುದು, ಮನೆಗಂತೂ ತಲುಪುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಫಲಕವೇ ಇಲ್ಲದ ಅಪಾಯ

ಯಾವ ಅನುಸೂಚಿಯಲ್ಲೂ ಚಿತ್ರವಿಲ್ಲದ ಅಪಾಯಗಳು ಈ ಸೀಮೆಯಲ್ಲಿವೆ. ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರಡಿ, ಓಡಾಡುವ ಗಾಡಿಗಳಿಂದ ಒಕ್ಕಣೆ ಮಾಡಿಸುವ ರೂಢಿ ಮಾಗಡಿ, ಕನಕಪುರ, ರಾಮನಗರದ ಹಳ್ಳಿಗಳಿಗೆ ಹೊಸದಲ್ಲ. ಕಣಗಳು ಮಾಯವಾದಂತೆ ರಸ್ತೆಯೇ ಕಣವಾಯಿತು. ಒಣ ಹುಲ್ಲಿನ ಮೇಲೆ ಬೈಕಿನ ಚಕ್ರಕ್ಕೆ ಹಿಡಿತವಿಲ್ಲ. ಅಲ್ಲಿ ಬ್ರೇಕ್ ಒತ್ತಿದರೆ ಜಾರುವುದು ಖಂಡಿತ. ದೂರದಿಂದಲೇ ವೇಗ ಇಳಿಸಿ, ಹುಲ್ಲಿನ ಮೇಲೆ ಬ್ರೇಕ್ ಮುಟ್ಟದೆ, ತಿರುಗಿಸದೆ ನೇರವಾಗಿ ದಾಟಬೇಕು. ಕಾರಿನವರಿಗೆ ಕೆಳಗೆ ಹುಲ್ಲು ಸಿಕ್ಕಿಕೊಂಡು ಬಿಸಿಗೆ ಹೊತ್ತಿಕೊಳ್ಳುವ ಭಯವೂ ಇದೆ.

ಸೂರ್ಯ ಮುಳುಗುವ ಹೊತ್ತಿಗೆ ಮನೆಗೆ ಮರಳುವ ದನಕರು, ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿ ಅಗಲವಾದ ಮೊಪೆಡ್, ಬಣ್ಣ ಹಚ್ಚದ ಹಂಪು ಇವಕ್ಕೂ ಮುನ್ಸೂಚನೆ ಸಿಗುವುದಿಲ್ಲ. ಕಾಡಂಚಿನ ರಸ್ತೆಯಲ್ಲಿ ಕಾಡುಪ್ರಾಣಿಯ ಚಿತ್ರವಿರುವ ತ್ರಿಕೋನ ಕಂಡರೆ ಅದನ್ನು ಅಲಂಕಾರವೆಂದು ತಿಳಿಯಬಾರದು. ಆನೆ ಕಂಡರೆ ದೂರದಲ್ಲೇ ನಿಲ್ಲಿಸಬೇಕು. ಹಾರನ್ ಬೇಡ, ಫೋಟೊವಂತೂ ಬೇಡವೇ ಬೇಡ.

ಕಾನೂನಿನ ಮಾತು

ಅಪ್ಪ ಅಮ್ಮಂದಿರಿಗೆ ಈ ಭಾಗ. ಗೇರ್ ಇರುವ ಬೈಕಾಗಲಿ ಕಾರಾಗಲಿ, ಓಡಿಸಲು 18 ವರ್ಷ ತುಂಬಿರಬೇಕು. 16 ತುಂಬಿದವರಿಗೆ ಅವಕಾಶವಿರುವುದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ಪಿಯು ಕಾಲೇಜುಗಳ ಮುಂದೆ ನಿಲ್ಲುವ ನೂರು, ನೂರಿಪ್ಪತ್ತು ಸಿಸಿ ಸ್ಕೂಟರುಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ಕಲಿಕಾ ಲೈಸೆನ್ಸಿನ ಅವಧಿ ಆರು ತಿಂಗಳು. ಅದು ಸಿಕ್ಕಿ 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಚಾಲನಾ ಪರೀಕ್ಷೆಗೆ ಹೋಗಬಹುದು. ಆ ದಿನಗಳಲ್ಲಿ ಬಿಳಿ ಹಿನ್ನೆಲೆಯ ಕೆಂಪು ‘ಎಲ್’ ಮುಂದೆಯೂ ಹಿಂದೆಯೂ ಇರಬೇಕು. ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವವರೊಬ್ಬರು, ಬೇಕೆಂದಾಗ ಗಾಡಿ ನಿಲ್ಲಿಸಬಲ್ಲಂತೆ ಕುಳಿತಿರಬೇಕು. ಬೈಕಿನಲ್ಲಿ ಕಲಿಸುವವರನ್ನು ಬಿಟ್ಟು ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ವಿಧಿ ಮನೆಯ ಹಿರಿಯರನ್ನೇ ಕಟಕಟೆಗೆ ತಂದಿದೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಗಾಡಿಯ ಮಾಲೀಕರು ಹೊಣೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ಹಾಲಿನ ಡೇರಿಗೆ ತಾನೇ, ಇಲ್ಲೇ ಹೋಗಿ ಬರಲಿ’ ಎಂದು ಕೀ ಕೊಡುವ ಮುನ್ನ ಇದನ್ನು ನೆನೆಯಬೇಕು. ದಂಡ ಕಟ್ಟಬಹುದು, ಸೆರೆವಾಸವೂ ಒಂದು ದಿನ ಮುಗಿಯುತ್ತದೆ. ಡೇರಿಯ ದಾರಿಯಲ್ಲಿ ಮಗುವಿಗೋ, ಅದು ಗುದ್ದಿದವರಿಗೋ ಆಗಬಾರದ್ದು ಆದರೆ ಅದಕ್ಕೆ ಅವಧಿಯಿಲ್ಲ.

ಬಸ್ಸಿನ ಕಿಟಕಿಯೇ ಶಾಲೆ

ಹಾಗಾದರೆ ಕಲಿಸುವುದು ಹೇಗೆ? ಇದಕ್ಕೆ ದುಡ್ಡು ಬೇಡ, ಗಾಡಿಯೂ ಬೇಡ. ಮಾಗಡಿಯಿಂದ ರಾಮನಗರಕ್ಕೋ, ಕನಕಪುರದಿಂದ ಬೆಂಗಳೂರಿಗೋ ಹೋಗುವ ಬಸ್ಸಿನ ಮುಂದಿನ ಸೀಟು ಸಾಕು. ಏಳನೆಯ ತರಗತಿಯ ಮಗುವಿಗೂ ಈ ಆಟ ಆಡಿಸಬಹುದು. ನಿಯಮ ಮೂರೇ ಮಾತಿನದು: ಆಕಾರ, ಅರ್ಥ, ಕೆಲಸ. ಫಲಕ ಕಂಡೊಡನೆ ಮೊದಲು ಆಕಾರ ಹೇಳಬೇಕು, ಆಮೇಲೆ ಅರ್ಥ, ಕೊನೆಗೆ ಚಾಲಕ ಈಗ ಮಾಡಬೇಕಾದ ಕೆಲಸ. ‘ತ್ರಿಕೋನ. ಕಿರಿದಾದ ಸೇತುವೆ. ವೇಗ ಇಳಿಸಿ, ಎದುರಿನವರು ಬರುತ್ತಿದ್ದರೆ ಕಾಯಬೇಕು.’ ಬಸ್ಸಿನ ಚಾಲಕ ಹಾಗೆಯೇ ಮಾಡಿದರೆ ಮಗುವಿಗೆ ಅಂಕ. ಮಾಡದಿದ್ದರೆ ಏಕೆ ಮಾಡಲಿಲ್ಲ ಎಂದು ಮನೆಗೆ ಬಂದು ಚರ್ಚೆ. ಸಂಜೆ ಕಂಡ ಹತ್ತು ಫಲಕಗಳನ್ನು ನೋಟುಬುಕ್ಕಿನಲ್ಲಿ ಬರೆದರೆ ಪರೀಕ್ಷೆಯ ಹಿಂದಿನ ರಾತ್ರಿಯ ಬಾಯಿಪಾಠವೇ ಬೇಡ. ಪರೀಕ್ಷೆ ಕೇಳುವುದು ಆಕಾರವನ್ನೂ ಅರ್ಥವನ್ನೂ ಮಾತ್ರ. ಮೂರನೆಯದನ್ನು ಕೇಳುವುದು ರಸ್ತೆ.

ಆದರೆ ಒಂದು ಎಚ್ಚರಿಕೆ. ಹೀಗೆ ಕಲಿತ ಮಗು ಅಪ್ಪನನ್ನೂ ನೋಡುತ್ತಿರುತ್ತದೆ. ಯು ತಿರುವಿಗೆ ಅರ್ಧ ಕಿಲೋಮೀಟರ್ ಹೋಗಬೇಕಲ್ಲಾ ಎಂದು ಸರ್ವೀಸ್ ರಸ್ತೆಯಲ್ಲಿ ಎದುರುಮುಖವಾಗಿ ನುಗ್ಗುವ ಅಪ್ಪ, ಪೊಲೀಸರು ಕಂಡಾಗ ಮಾತ್ರ ಹೆಲ್ಮೆಟ್ ತಲೆಗೇರಿಸುವ ಅಣ್ಣ, ಸ್ಕೂಟರ್ ಓಡಿಸುತ್ತಲೇ ಫೋನಿನಲ್ಲಿ ಮಾತಾಡುವ ಅಮ್ಮ, ಇವರೆಲ್ಲ ತಮಗೆ ತಿಳಿಯದೆಯೇ ಮಗುವಿಗೆ ಪಾಠ ಹೇಳುತ್ತಿರುತ್ತಾರೆ. ಎರಡನೆಯ ಕ್ಲಾಸಿನಲ್ಲಿ ಟ್ಯಾಂಕಿನ ಮೇಲೆ ಕುಳಿತು ಕಲಿತದ್ದನ್ನು ಹದಿನೆಂಟನೆಯ ವಯಸ್ಸಿನಲ್ಲಿ ಯಾವ ಡ್ರೈವಿಂಗ್ ಸ್ಕೂಲೂ ಸುಲಭವಾಗಿ ಅಳಿಸಲಾರದು.

ಬೈಕಿನಲ್ಲಿ ಎಂಟು ಹಾಕುವುದು, ಕಾರಿನಲ್ಲಿ ರಿವರ್ಸ್ ತೆಗೆಯುವುದು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ರಸ್ತೆಯನ್ನು ಓದುವುದಕ್ಕೆ ಅದಕ್ಕಿಂತ ಹೆಚ್ಚು ದಿನ ಬೇಕು. ಆದ್ದರಿಂದ ಕೀ ಕೈಗೆ ಕೊಡುವ ದಿನ ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ನಡೆಯಲಿ. ಮಗ ಮುಂದೆ, ಅಪ್ಪ ಹಿಂದೆ, ಅದೇ ರಸ್ತೆ. ಹೆದ್ದಾರಿಗೆ ಸೇರುವ ದಾರಿಯ ಬಾಯಿಗೆ ಬಂದಾಗ ಅವನು ಆ ಕೆಂಪು ವೃತ್ತವನ್ನು ನೋಡಿ, ‘ಇದು ನಮಗಲ್ಲಪ್ಪ’ ಎಂದು ತಾನಾಗಿಯೇ ಹೇಳಿ ಸರ್ವೀಸ್ ರಸ್ತೆಯಲ್ಲೇ ಮುಂದೆ ಸಾಗಿದರೆ, ಅಪ್ಪ ಮಾತಾಡದೆ ಹಿಂದೆ ಕೂರಬಹುದು. ಮರುದಿನ ಕೀ ಕೇಳಿದರೆ ಕೊಡಬಹುದು.